ಖಾಲಿ ಹೊಟ್ಟೆಯ ಹಾಲು

ಹೆಂಡತಿ ಶಾಂತಿಬಾಯಿಯ ಎದೆ ತೆರೆದು ಹೃದಯದ ಕವಾಟ ಬದಲಿಸುತ್ತಿದ್ದಾಗ ಹೀರಪ್ಪ ಹುಬ್ಬಳ್ಳಿಯ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನೆನಪಾದ ದೇವರಿಗೆಲ್ಲ ಹಾಲಿನ ಹರಕೆ ಹೊತ್ತಿದ್ದ. ತೇರಗಾಂವದ ಆಚೆಗಿನ ದಡ್ಡಿಯವನು, ಅಂದರೆ ಗೌಳಿಗರ ಹಟ್ಟಿಯವನು, ಎಮ್ಮೆ ಸಾಕಿಯೇ ಬದುಕಿದವನು; ಹಾಲು ಬಿಟ್ಟು ಇನ್ನೇನು ಹೊತ್ತಾನು?

ದೇವರೂ ಡಾಕ್ಟರೂ ಕೈಬಿಡಲಿಲ್ಲ. ಆದರೆ ಆಕೆಯ ಕೊರಳಿನ ಥೈರಾಯ್ಡ್ ಗ್ರಂಥಿ ಸೋತಿತ್ತು. ಅದರ ಹಾರ್ಮೋನು ಸಾಲದೆ ಹೋದರೆ ಹೊಲಿದ ಹೃದಯಕ್ಕೆ ಬಲ ಬರುವುದಿಲ್ಲವೆಂದು ಡಾಕ್ಟರಮ್ಮ ಒಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು.

"ದಿನಾ ಮುಂಜಾನೆ, ಖಾಲಿ ಹೊಟ್ಟ್ಯಾಗ. ಆಕಿ ಹೃದಯಕ್ಕ ಇದ ಆಸರ," ಅಂದರು.

ಹೀರಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಕರಿ ಎಮ್ಮೆಯ ಹಾಲು ಹಿಂಡಿ, ಕಾಯಿಸಿ, ಗುಳಿಗೆಯ ಜೊತೆ ಲೋಟ ತುಂಬ ಕೊಡುತ್ತಿದ್ದ. ಅವನ ಮನೆತನದಲ್ಲಿ ಹಾಲು ಕುಡಿದವರನ್ನು ಉಂಡವರ ಲೆಕ್ಕಕ್ಕೆ ಸೇರಿಸಿದ್ದೇ ಇಲ್ಲ. ಉಪವಾಸದ ದಿನವೂ ಹಾಲು ನಡೆಯುತ್ತದೆ. ಬರೀ ನೀರು ಕೊಡುವುದು ಬೇಡದ ನೆಂಟರಿಗೆ. ಸಾವಿನ ಬಾಯಿಂದ ತಿರುಗಿ ಬಂದ ಹೆಂಡತಿಗೆ ನೀರು ಕೊಟ್ಟಾನೆಯೇ?

ಆದರೂ ಶಾಂತಿಬಾಯಿ ಚೇತರಿಸಲಿಲ್ಲ. ಮುಖ ಊದಿತು, ಬಿಸಿಲಲ್ಲೂ ಕಂಬಳಿ ಹೊದ್ದಳು, ಬಾಗಿಲಿಂದ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ನಡುವೆ ಕೂತುಬಿಡುತ್ತಿದ್ದಳು. ಈಕೆ ಉಳಿಯಲಾರಳೇನೋ ಎಂದು ಹೀರಪ್ಪನ ಜೀವ ಬಾಯಿಗೆ ಬಂತು. ಅವನಿಗೆ ಗೊತ್ತಿದ್ದ ಮದ್ದು ಒಂದೇ. ಲೋಟ ಬಿಟ್ಟು ಚರಿಗೆ ತುಂಬ ಹಾಲು ಕೊಡತೊಡಗಿದ, ಕೆನೆ ಸಮೇತ.

ಮತ್ತೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರಮ್ಮ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು.

"ಹೀರಪ್ಪ, ಗುಳಿಗಿ ಹೊಟ್ಟಿಗೆ ಹೋಗೇತಿ, ಮೈಗೆ ಹತ್ತಿಲ್ಲ. ಹೃದಯ ಸೋಲಾಕತ್ತೇತಿ. ಎದರ ಜೋಡಿ ಕೊಡ್ತಿ?"

"ಹಾಲಿನ ಜೋಡಿರಿ. ಅಪ್ಪಟ ಎಮ್ಮಿ ಹಾಲು, ಒಂದ ಹನಿ ನೀರ ಹಾಕಿಲ್ರಿ," ಎಂದ ಹೆಮ್ಮೆಯಿಂದ.

ಡಾಕ್ಟರಮ್ಮ ಬೈಯಲಿಲ್ಲ. "ಹಾಲು ಈ ಗುಳಿಗೀನ ಮೈಗೆ ಹತ್ತಗೊಡೂದಿಲ್ಲಪಾ. ಬರೇ ನೀರಾಗ ಕೊಡು. ಹಾಲು ಮಧ್ಯಾನದ ಮ್ಯಾಲ."

ಹೀರಪ್ಪ ಹೊರಗಿನ ಬೆಂಚಿನ ಮೇಲೆ ಕುಸಿದ. "ನನ್ನ ಕೈಯಾರೆ ನಿನ್ನ ಕೊಲ್ಲಾಕತ್ತಿದ್ನಲ್ಲ."

ಶಾಂತಿಬಾಯಿ ಅವನ ರುಮಾಲು ಸರಿಮಾಡಿದಳು. "ಬಿಡ್ರಿ. ಹಾಲ ಕೊಟ್ಟ ಕೊಲ್ಲೂ ಗಂಡ ಯಾರಿಗೆ ಸಿಗ್ತಾನ."

ಮರುದಿನ ಅವನು ಬರೀ ನೀರಿನ ಲೋಟ ಹಿಡಿದು ಬಂದ. ಆಕೆ ಗುಟುಕರಿಸಿ ಗುಳಿಗೆ ನುಂಗಿದಳು. ಅಂದಿನಿಂದ ಅವನೂ ಮಧ್ಯಾಹ್ನದವರೆಗೆ ಹಾಲು ಮುಟ್ಟಲಿಲ್ಲ. ಗೌಳಿ ಹಾಲು ಬಿಟ್ಟನೆಂದು ದಡ್ಡಿಗೆ ದಡ್ಡಿಯೇ ನಕ್ಕಿತು. ನಗಲಿ ಬಿಡಿ, ಹಲ್ಲು ಅವರವು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಹೀರಪ್ಪನಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಬರಿದಾಗಿತ್ತು. ಕೊಟ್ಟಿಗೆಗೆ ಓಡಿದ. ಶಾಂತಿಬಾಯಿ ಕರಿ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಹಾಲು ಹಿಂಡುತ್ತಿದ್ದಳು. ಕಂಬಳಿ ಗೂಟದ ಮೇಲಿತ್ತು.

"ಗುಳಿಗಿ?"

"ನುಂಗೇನಿ, ನೀರಾಗ. ನೀವರ ಒಂದ ಗುಟಕ ಹಾಲ ಕುಡೀರಿ. ಎಷ್ಟ ಸೊರಗೀರಿ."

ಹೀರಪ್ಪ ತಲೆಯಲ್ಲಾಡಿಸಿ ಆಕೆಯ ಪಕ್ಕದಲ್ಲೇ ಕೂತ.

"ಮಧ್ಯಾನ ಆಗ್ಲಿ. ಕೂಡೇ ಕುಡಿಯೂಣು."