ಕ್ಯಾನ್ವಾಸಿಗೂ ಆಯುಧಪೂಜೆ

ಯಡಿಯೂರಿನ ಭಾರ್ಗವರಾಯರು ಚಿತ್ರ ಬರೆಯುವ ಮುನ್ನ ಮಾಡಿಕೊಳ್ಳುತ್ತಿದ್ದ ಸಿದ್ಧತೆ ನೋಡಿದರೆ ಮದುವೆ ಮನೆಯವರೂ ನಾಚಬೇಕು. ಬೆಳಿಗ್ಗೆ ತಣ್ಣೀರಿನ ಸ್ನಾನ, ಅರ್ಧ ಗಂಟೆ ಪ್ರಾಣಾಯಾಮ, ಆಮೇಲೆ ಕೆರೆಗೆ ಮೂರು ಸುತ್ತು, ಅಷ್ಟು ಹೊತ್ತೂ ಮೌನ. ಬಂದು ಮಹಡಿಯ ಕೋಣೆಯಲ್ಲಿ ಐದಡಿಯ ಬಿಳೀ ಕ್ಯಾನ್ವಾಸಿನ ಮುಂದೆ ಕಣ್ಣು ಮುಚ್ಚಿ ಕೂರುವುದು. ಮನಸ್ಸು ತಿಳಿಯಾದ ಮೇಲೆಯೇ ಕುಂಚ ಹಿಡಿಯಬೇಕೆನ್ನುವುದು ಅವರ ನಿಯಮ. ಅದು ತಿಳಿಯಾಗುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಉಂಡ ಮೇಲೆ ನಿದ್ದೆ. ಅದೂ ಒಂದು ಬಗೆಯ ಧ್ಯಾನವೇ.

ಹೀಗೆ ಮೀನಮೇಷ ಎಣಿಸುತ್ತ ಎಂಟು ತಿಂಗಳು ಕಳೆದಿದ್ದವು. ಬ್ಯಾಂಕಿನಲ್ಲಿದ್ದ ಮೂವತ್ತನಾಲ್ಕು ವರ್ಷವೂ, ಟೈಮ್ ಒಂದಿದ್ದಿದ್ದರೆ ಎಂಥ ಚಿತ್ರ ಬರೆಯುತ್ತಿದ್ದೆ ಎಂದು ಹೇಳಿಕೊಂಡೇ ಬಂದವರು. ಈಗ ನಿವೃತ್ತರಾಗಿ ಟೈಮೂ ಇತ್ತು, ಜಯನಗರದ ಗೆಳೆಯರ ಚಿತ್ರಪ್ರದರ್ಶನದ ಆಹ್ವಾನಪತ್ರದಲ್ಲಿ ಹೆಸರೂ ಅಚ್ಚಾಗಿತ್ತು. ಉಳಿದದ್ದು ಹತ್ತೇ ದಿನ. ನಿಜ ಹೇಳಬೇಕೆಂದರೆ, ಆ ಬಿಳುಪನ್ನು ಕಂಡರೆ ರಾಯರಿಗೆ ಭಯ. ಒಂದು ಗೆರೆ ಎಳೆದರೆ ಸಾಕು, ತನಗೆ ಚಿತ್ರ ಬರುವುದಿಲ್ಲ ಎನ್ನುವುದು ಲೋಕಕ್ಕೆಲ್ಲ ಗೊತ್ತಾಗಿಬಿಡುತ್ತದೆ.

ಆಯುಧಪೂಜೆಯ ದಿನ ಕೆರೆ ಸುತ್ತಿ ಬಂದು ನೋಡುತ್ತಾರೆ, ಹೆಂಡತಿ ಕಾತ್ಯಾಯಿನಿ ಸ್ಕೂಟರು, ಮಿಕ್ಸಿ, ಹೊಲಿಗೆ ಮೆಷಿನ್ನಿನ ಪೂಜೆಯನ್ನೆಲ್ಲ ಮುಗಿಸಿ ಮಹಡಿಗೂ ಹತ್ತಿದ್ದಾರೆ. ಕ್ಯಾನ್ವಾಸಿಗೆ ಸೇವಂತಿಗೆ ಹಾರ. ನಟ್ಟನಡುವೆ ಗಂಧ, ಅದರ ಮೇಲೆ ರೂಪಾಯಿ ಅಗಲದ ಕುಂಕುಮ. ಕೆಳಗೊಂದು ನಿಂಬೆಹಣ್ಣು.

ರಾಯರ ಮೌನ ಒಂದೇ ಕೂಗಿಗೆ ಮುರಿಯಿತು. ಕಾತ್ಯಾಯಿನಿ ಮಾತ್ರ ತಣ್ಣಗೆ ಕೇಳಿದರು: "ಬಳಸೋ ವಸ್ತುಗೆ ತಾನೇ ರೀ ಪೂಜೆ? ನೀವು ಬಳಸ್ತೀರಾ ಅಂದ್ಕೊಂಡೆ."

ರಾಯರು ಒದ್ದೆ ಬಟ್ಟೆಯಿಂದ ಒರೆಸಿದರು. ಕುಂಕುಮ ಹೋಗಲಿಲ್ಲ, ಹರಡಿತು. ಇನ್ನಷ್ಟು ಒರೆಸಿದರು, ಇನ್ನಷ್ಟು ಕೆಂಪಾಯಿತು. ಕೈಸೋತು ಕೂತಾಗ ಅವರಿಗೆ ಹೊಳೆಯಿತು, ಹೆದರುವುದಕ್ಕೆ ಈಗ ಬಿಳುಪೇ ಉಳಿದಿಲ್ಲ. ಎಂಟು ತಿಂಗಳಿಂದ ತನ್ನ ಕೈಲಿ ಇಡಲಾಗದ ಮೊದಲ ಗುರುತನ್ನು ಇವಳು ಒಂದು ಪ್ರಾಣಾಯಾಮವೂ ಇಲ್ಲದೆ ಇಟ್ಟುಬಿಟ್ಟಿದ್ದಳು. ನಗು ಬಂತು, ಜೊತೆಗೆ ಸ್ವಲ್ಪ ಅಳುವೂ ಬಂತು.

ಬಾಗಿಲಲ್ಲಿ ನಿಂತಿದ್ದ ಕಾತ್ಯಾಯಿನಿ ಬೆಳಗಿನಿಂದ ದುಡಿದು ಬೆವತಿದ್ದರು. ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಕ್ಯಾನ್ವಾಸಿನ ಮೇಲಿನ ಕಲೆಯೂ ಹೆಚ್ಚುಕಡಿಮೆ ಹಾಗೇ ಇತ್ತು. ರಾಯರು ಕುಂಚ ತೆಗೆದುಕೊಂಡು, ಎದುರಿಗಿನ ಸ್ಟೂಲಿನ ಮೇಲೆ ಕೂರುವಂತೆ ಅವರಿಗೆ ಹೇಳಿದರು.

"ಐದು ನಿಮಿಷ ಇರಿ, ಮುಖ ತೊಳ್ಕೊಂಡು ಒಳ್ಳೇ ಸೀರೆ ಉಟ್ಕೊಂಡು ಬರ್ತೀನಿ," ಎಂದರು ಕಾತ್ಯಾಯಿನಿ.

"ಬೇಡ, ಹಾಗೇ ಕೂತ್ಕೋ," ಎಂದರು ರಾಯರು. "ನೀನು ರೆಡಿಯಾಗಿ ಬರೋದ್ರೊಳಗೆ ನಂಗೆ ಮತ್ತೆ ಹೆದರಿಕೆ ಆಗ್ಬಿಡುತ್ತೆ."