ಸುರುಳಿ ರೆಕ್ಕೆ

ಸತ್ತವಳ ನಾದಿನಿ ಟವೆಲ್ ಬೀಸಿ ಹೆಣದ ಗಲ್ಲದ ಮೇಲಿದ್ದ ನೊಣಗಳನ್ನು ಓಡಿಸಿದಳು. ಎಳ್ಳುಕಾಳಿನಷ್ಟು ಪುಟ್ಟವು, ಮೂರೇ ಮೂರು. ಎದ್ದು ಒಂದು ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬಂದು ಕೂತವು. ಬೆಳಗಿನ ಜಾವ ಕುಡಿಸಿದ ಕೆಮ್ಮಿನ ಔಷಧಿ ತುಟಿಯ ಕೊನೆಯಲ್ಲಿ ಅಂಟಾಗಿ ಉಳಿದಿತ್ತು.

“ಸತ್ತ ಮೇಲೂ ಬಿಡಲ್ವಲ್ಲ ಈ ಪೀಡೆಗಳು! ಇಪ್ಪತ್ತಾರು ವರ್ಷ ನೊಣ ಸಾಕಿದ್ಳು, ಈಗ ಕಳಿಸಿಕೊಡೋಕೆ ಬಂದಿವೆ.”

“ಸುಮ್ನಿರೇ,” ಎಂದ ಗೋಡೆಗೊರಗಿ ಕೂತಿದ್ದ ಸತ್ತವಳ ಗಂಡ.

ಕಾಲ ಬಳಿ ಕೂತಿದ್ದ, ಸತ್ತವಳ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ ಮುಖದ ಕಡೆ ಬಾಗಿದಳು. ದುಃಖ ಉಕ್ಕಿತು ಅಂದುಕೊಂಡು ಯಾರೋ ಅವಳ ಬೆನ್ನು ಸವರಿದರು. ಅವಳು ನೋಡುತ್ತಿದ್ದದ್ದು ನೊಣದ ರೆಕ್ಕೆಯನ್ನು. ಅದು ಬೆನ್ನಿನ ಮೇಲೆ ನೇರವಾಗಿ ಮಲಗಿರಲಿಲ್ಲ. ತುದಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ಅಂಥ ರೆಕ್ಕೆ ಬೀದಿಯ ನೊಣಕ್ಕಿರುವುದಿಲ್ಲ.

“ಅಕ್ಕ ಮನೇಲಿ ಬಾಟ್ಲಿ ಏನಾದ್ರೂ ಇಟ್ಕೊಂಡಿದ್ರಾ?” ಎಂದು ಕೇಳಿದಳು.

“ಹತ್ತಿ ಮುಚ್ಚಿದ್ದಾ? ಮಂಚದ ಕೆಳಗೆ ನಾಲ್ಕಿದ್ವು,” ಎಂದಳು ನಾದಿನಿ. “ಒಳಗೆ ಹುಳ ಪಿತಪಿತ ಅಂತಿದ್ವು. ನಾಲ್ಕು ಜನ ಬರೋ ಮನೆ ಅಂತ ಬೆಳಿಗ್ಗೆ ಕಸದ ಗಾಡಿಗೆ ಕೊಟ್ಟೆ. ಒಂದರ ಹತ್ತಿ ಕಿತ್ತು ನೋಡಿದ್ದೇ ತಪ್ಪಾಯ್ತು, ಮುಖಕ್ಕೆಲ್ಲ ಹಾರಿದ್ವು. ಸ್ಪ್ರೇ ಹೊಡೆದೆ. ಇವು ಹೇಗೆ ಉಳಿದ್ವೋ.”

ವಿದ್ಯಾರ್ಥಿನಿ ಗಲ್ಲದ ಮೇಲಿನ ನೊಣಗಳನ್ನು ಮತ್ತೆ ಎಣಿಸಿದಳು.

*

ಸತ್ತವಳನ್ನು ಲ್ಯಾಬಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಕೆಲಸ ಒಂದೇ: ಹಣ್ಣಿನ ನೊಣಗಳನ್ನು ಹಳೆಯ ಸೀಸೆಯಿಂದ ಹೊಸ ಸೀಸೆಗೆ ದಾಟಿಸುವುದು. ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿ ಸೀಸೆಯ ತಳಕ್ಕೆ ಹೊಯ್ಯಬೇಕು, ಆರಿದ ಮೇಲೆ ನೊಣ ಬಿಡಬೇಕು, ಬಾಯಿಗೆ ಹತ್ತಿ ತುರುಕಬೇಕು. ಎರಡು ವಾರ ಕಳೆದರೆ ಮತ್ತೆ ಅದೇ. ಎಂಟುನೂರು ತಳಿಗಳು. ಅವಳ ರಜೆ ಅರ್ಜಿಗಳೆಲ್ಲ ಒಂದೊಂದು ದಿನದವು.

ವಿದ್ಯಾರ್ಥಿನಿ ಆರು ವರ್ಷ ದುಡಿದದ್ದು ಅದರಲ್ಲಿ ಒಂದೇ ತಳಿಯ ಮೇಲೆ. ರಕ್ತಕಣಗಳಿಗೆ ‘ಸಾಕು, ನಿಲ್ಲು’ ಎನ್ನುವ ಜೀನ್ ಅದರಲ್ಲಿ ಕೆಟ್ಟಿತ್ತು. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು, ಎರಡೂ ಪ್ರತಿ ಕೆಟ್ಟ ಮರಿಹುಳುವಿನಲ್ಲಿ ಕಣಗಳು ಮಿತಿಯಿಲ್ಲದೆ ಬೆಳೆದು, ಗಂಟುಕಟ್ಟಿ, ಕಪ್ಪಾಗಿ, ಚರ್ಮದ ಹೊರಗೂ ಸಾಸಿವೆಯಂತೆ ಕಾಣುತ್ತಿದ್ದವು. ಅದು ನೊಣವಾಗುವ ಮೊದಲೇ ಸಾಯುತ್ತಿತ್ತು. ಒಂದೇ ಪ್ರತಿ ಕೆಟ್ಟದ್ದು ಬದುಕುತ್ತಿತ್ತು, ಅದರ ಗುರುತು ಸುರುಳಿ ರೆಕ್ಕೆ. ನೇರ ರೆಕ್ಕೆಯ ಹೊರಗಿನ ನೊಣ ಒಂದು ಒಳಹೊಕ್ಕರೆ ಮುಗಿಯಿತು. ಕೆಲವು ಪೀಳಿಗೆಯಲ್ಲಿ ಅದರ ಸಂತಾನವೇ ಸೀಸೆ ತುಂಬುತ್ತಿತ್ತು.

“ಸೀಸೆ ಮೇಲಿನ ಚೀಟಿ ನೋಡಿ ದಾಟಿಸ್ಬೇಡ ಕಣೇ,” ಎಂದು ಅಕ್ಕ ಮೊದಲ ದಿನವೇ ಹೇಳಿದ್ದಳು. “ಚೀಟಿ ಬರೆಯೋಳು ನಾನು. ನಂಗೂ ತೂಕಡಿಕೆ ಬರುತ್ತೆ. ರೆಕ್ಕೆ ನೋಡು.”

ಅಕ್ಕ ಹಾಸಿಗೆ ಹಿಡಿದ ಮೇಲೆ ಬಂದ ಬದಲಿಯವನು ಚೀಟಿ ನೋಡಿ ದಾಟಿಸಿದ. ಹೋದ ವಾರ ವಿದ್ಯಾರ್ಥಿನಿ ಸೂಕ್ಷ್ಮದರ್ಶಕದಡಿ ನೋಡಿದಾಗ ಚೀಟಿ ಸರಿಯಿತ್ತು. ಒಂದೂ ಸುರುಳಿ ರೆಕ್ಕೆ ಇರಲಿಲ್ಲ. ಅವಳೇ ಹುಟ್ಟಿಸಿದ ತಳಿ, ಬೇರೆ ಎಲ್ಲೂ ಇಲ್ಲ. “ಹೋಯ್ತು ಅಂದ್ರೆ ಹೋಯ್ತು, ಬೇರೆ ಏನಾದ್ರೂ ಹಿಡಿ,” ಎಂದಿದ್ದರು ಮೇಲಿನವರು.

ಇವತ್ತು ಅವಳು ಬಂದದ್ದು ಅಳುವುದಕ್ಕೋ, ಇನ್ನೊಂದು ಸೀಸೆ ಇದೆಯಾ ಎಂದು ಕೇಳುವುದಕ್ಕೋ, ಅವಳಿಗೇ ಗೊತ್ತಿರಲಿಲ್ಲ.

*

ವಿದ್ಯಾರ್ಥಿನಿ ಅಕ್ಕನ ಮಗಳನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವವಳು. ಪೂರ್ತಿ ಕೇಳಿಸಿಕೊಂಡಳು.

“ಅಂದ್ರೆ ನಮ್ಮಮ್ಮನ ಮುಖದ ಮೇಲೆ ನೊಣ ಹಿಡೀಬೇಕು ನೀನು.”

“ಒಂದು ಸಾಕು. ಜೀವಂತ. ಲ್ಯಾಬಿನ ನೊಣದ ಜೊತೆ ಕೂಡಿಸಿ ತಳಿ ಮತ್ತೆ ಎಬ್ಬಿಸ್ಬಹುದು.”

“ಆರು ವರ್ಷ ರಕ್ತದ್ದೇ ಓದಿದ್ಯಲ್ಲಾ. ಅಮ್ಮಂಗೂ ರಕ್ತದ್ದೇ ಬಂತು. ಡಾಕ್ಟ್ರು ಬಿಳಿ ಕಣ ಜಾಸ್ತಿ ಅಂದಾಗ ಅವಳು ನಗ್ತಾ ಬಂದ್ಳು, ನಂದೂ ನಮ್ ಲ್ಯಾಬ್ ಹುಡ್ಗಿ ಹುಳದ ಕತೆನೇ ಅಂತ. ನಿನ್ ಹತ್ರ ಅವಳಿಗೇನಾದ್ರೂ ಔಷಧಿ ಇತ್ತಾ?”

“ಇಲ್ಲ.”

“ಮುಂದೆ ಯಾರಿಗಾದ್ರೂ?”

“ಗೊತ್ತಿಲ್ಲ.”

ಮಗಳು ಕಿಟಕಿಯ ಮೇಲಿದ್ದ ಮಾತ್ರೆಯ ಖಾಲಿ ಗಾಜಿನ ಬಾಟ್ಲಿ ತೆಗೆದು ಅವಳ ಕೈಗೆ ತುರುಕಿದಳು. ಅದರ ಚೀಟಿಯ ಮೇಲೆ ಅಮ್ಮನ ಹೆಸರು, ಬೆಳಿಗ್ಗೆ ಒಂದು ರಾತ್ರಿ ಒಂದು ಎಂಬ ಬರಹ. “ಹಿಡಿ. ಬೇಗ.”

ವಿದ್ಯಾರ್ಥಿನಿ ಹೆಣದ ತಲೆಯ ಬಳಿ ಮಂಡಿಯೂರಿದಳು. ಅವಸರಪಟ್ಟಳು. ಬಾಟ್ಲಿಯನ್ನು ಗಲ್ಲದ ಮೇಲೆ ಮಗುಚಿದಾಗ ಅದರ ಅಂಚು ಮೊದಲನೆಯ ನೊಣದ ಮೇಲೇ ಕೂತಿತು. ಚರ್ಮದ ಮೇಲೆ ಒಂದು ಕಂದು ಕಲೆ ಉಳಿಯಿತು.

“ಅಯ್ಯೋ, ಏನಿದು? ತಲೆ ಕೆಟ್ಟಿದ್ಯಾ ಇವಳಿಗೆ?” ನಾದಿನಿ ಟವೆಲ್ ಎತ್ತಿದಳು. ಗಾಳಿಗೆ ಎರಡನೆಯದು ಎದ್ದು ಬಾಗಿಲಾಚೆ ಹೋಯಿತು. ಹೊರಗೆ ಶವದ ಗಾಡಿಯ ಹಾರ್ನ್ ಕೇಳಿಸಿತು.

“ಅತ್ತೆ, ಟವೆಲ್ ಕೆಳಗಿಡಿ,” ಎಂದಳು ಮಗಳು.

“ಏನೇ ನೀನೂನು?”

“ಕೆಳಗಿಡಿ ಅಂದೆ.”

*

ಮೂರು ವಾರದ ಹಿಂದೆ, ಮಧ್ಯಾಹ್ನ. ಮಗಳು ಗಂಜಿ ಹಿಡಿದು ನಿಂತಿದ್ದಳು. ಅಮ್ಮ ಕಿಟಕಿಯ ಬೆಳಕಿಗೆ ಸೀಸೆ ಹಿಡಿದು ಭೂತಗನ್ನಡಿಯಲ್ಲಿ ಇಣುಕುತ್ತಿದ್ದಳು. ವಿದ್ಯಾರ್ಥಿನಿಯ ತಳಿ ಅದು, ಕೊನೆಯ ಸಲ ಕೆಲಸಕ್ಕೆ ಹೋದಾಗ ಊಟದ ಡಬ್ಬಿಯಲ್ಲಿಟ್ಟು ಕದ್ದು ತಂದದ್ದು.

“ಒಂದಿನನಾದ್ರೂ ನನ್ ಮುಖ ನೋಡಮ್ಮಾ.”

“ನಿನ್ ಮುಖ ಎಲ್ಲಿ ಹೋಗುತ್ತೆ? ಬಾ, ಇದನ್ನ ಮಗುಚಿ ಹಿಡ್ಕೊ. ನಂಗೆ ಕೈ ನಿಲ್ತಿಲ್ಲ. ಅವಸರ ಮಾಡ್ಬೇಡ, ನೊಣ ತಾನಾಗೇ ಮೇಲಕ್ಕೆ ಹತ್ತುತ್ತೆ.”

ಮಗಳು ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋಗಿದ್ದಳು.

*

ಈಗ ಅವಳು ವಿದ್ಯಾರ್ಥಿನಿಯ ಕೈಯಿಂದ ಬಾಟ್ಲಿ ಕಿತ್ತುಕೊಂಡು, ಅಮ್ಮನ ಕೆಳತುಟಿಗೆ ಅಂಟಿದ್ದ ಮೂರನೆಯ ನೊಣದ ಮೇಲೆ ಮೆಲ್ಲಗೆ ಮಗುಚಿ ಹಿಡಿದಳು. ಅವಸರ ಮಾಡಲಿಲ್ಲ. ನೊಣ ಔಷಧಿಯ ಅಂಟಿನಿಂದ ಒಂದೊಂದೇ ಕಾಲು ಕಿತ್ತು, ಬಾಟ್ಲಿಯ ಗೋಡೆ ಹಿಡಿದು, ಮೇಲಕ್ಕೆ ಹತ್ತಿತು. ಹೆಣದ ಮೂಗಿಗಿಟ್ಟು ಉಳಿದಿದ್ದ ಹತ್ತಿಯ ಉಂಡೆಯಿಂದ ಒಂದು ತುಣುಕು ಹರಿದು ಬಾಟ್ಲಿಯ ಬಾಯಿ ಮುಚ್ಚಿದಳು.

“ಕೊಡು, ನಾನು ಸೀದಾ ಲ್ಯಾಬಿಗೆ ಓಡ್ತೀನಿ,” ಎಂದಳು ವಿದ್ಯಾರ್ಥಿನಿ.

“ಅಮ್ಮನ್ನ ಕಳಿಸಿ ಆಮೇಲೆ. ಅಲ್ಲೀವರೆಗೆ ನನ್ ಹತ್ರ ಇರುತ್ತೆ.”

“ಬಿಸಿ ತಾಗಿದ್ರೆ ಸಾಯುತ್ತೆ.”

“ಗೊತ್ತು. ಹೇಳಿದ್ದಾಳೆ.”

ಚಿತಾಗಾರದಲ್ಲಿ ಒಂದು ಗಂಟೆ ಕಾಯಬೇಕಾಯಿತು. ಮುಂದೆ ಇನ್ನೊಂದು ಹೆಣವಿತ್ತು. ಸರದಿ ಬಂದಾಗ ಕೆಲಸದವನು ಕಬ್ಬಿಣದ ಬಾಗಿಲನ್ನು ಮೇಲೆತ್ತಿದ. ಒಳಗಿನ ಕೆಂಪು ಝಳ ಎಲ್ಲರ ಮುಖಕ್ಕೆ ಹೊಡೆಯಿತು. ಹೆಣವಿದ್ದ ಹಲಗೆ ಜಾರಲು ಶುರುವಾಯಿತು.

“ಕೊನೇ ಸಲ ನೋಡ್ಕೊಳ್ಳೇ,” ಎಂದು ಅತ್ತೆ ಅವಳ ತೋಳು ಹಿಡಿದೆಳೆದಳು.

ಮಗಳು ತೋಳು ಬಿಡಿಸಿಕೊಂಡು ಕುಲುಮೆಗೆ ಬೆನ್ನು ಹಾಕಿ ನಿಂತಳು. ಎರಡೂ ಅಂಗೈಗಳನ್ನು ಎದೆಯ ಬಳಿ ಬೊಗಸೆಯಂತೆ ಮುಚ್ಚಿ, ಅದರ ಮೇಲೆ ಬಾಗಿದಳು. ಪಾಪ, ನೋಡೋಕಾಗ್ತಿಲ್ಲ ಎಂದರು ಯಾರೋ. ಹಿಂದೆ ಬಾಗಿಲು ಧಡಾರನೆ ಬಿತ್ತು. ಅವಳ ಬೆರಳ ಸಂದಿಯಲ್ಲಿ, ಅಮ್ಮನ ಹೆಸರಿನ ಚೀಟಿಯ ಹಿಂದೆ, ನೊಣ ಗಾಜು ಹಿಡಿದು ಹತ್ತುತ್ತಿತ್ತು.