ಗೌರಮ್ಮನ ಹಿಮ್ಮಡಿ

ಕೊಡಿಗೇಹಳ್ಳಿಯ ಗೌರಮ್ಮನಿಗೆ ಐವತ್ತು ದಾಟಿತ್ತು. ಆದರೂ ಥ್ರೋಬಾಲ್ ಆಡಲು ಇಳಿದಳೆಂದರೆ ಮೂವತ್ತರ ಹೆಂಗಸರು ಕೂಡ ಅವಳ ಚೆಂಡಿಗೆ ಹೆದರಿ ಹಿಂದೆ ಸರಿಯುತ್ತಿದ್ದರು. ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಎರಡು ಬಿಲ್ಡಿಂಗು. ನಡುವೆ ಉಳಿದ ಸೈಟಿಗೆ ಸಿಮೆಂಟು ಹಾಕಿಸಿ, ನೆಟ್ ಕಟ್ಟಿಸಿ, ಸುತ್ತಲಿನ ಹೆಂಗಸರನ್ನು ಕರೆದು ತಂಡ ಮಾಡಿದವಳು ಗೌರಮ್ಮ. ಕ್ಯಾಪ್ಟನ್ನೂ ಅವಳೇ.

ತಂಡದಲ್ಲಿ ಅವಳಿಗೆ ಹೆಚ್ಚು ಭರವಸೆಯಿದ್ದದ್ದು ಪದ್ಮಶ್ರೀಯ ಮೇಲೆ. ಬಾಗಲಕೋಟೆ ಕಡೆಯ ಪದ್ಮಶ್ರೀ ಯಲಹಂಕದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು, ಬ್ಯಾಟರಾಯನಪುರದಲ್ಲಿ ಬಾಡಿಗೆಗಿದ್ದಳು. ಮುಂದೆ ಗೌರಮ್ಮ, ಅವಳ ಬೆನ್ನಿಗೆ ಪದ್ಮಶ್ರೀ. ಹಾಗೆ ನಿಂತೇ ಎಷ್ಟೋ ಪಂದ್ಯ ಗೆದ್ದಿದ್ದರು.

ಒಂದು ಭಾನುವಾರ ಹೆಬ್ಬಾಳದ ತಂಡ ಆಡಲು ಬಂದಿತ್ತು. ನೆಟ್ ಪಕ್ಕ ಬೀಳುತ್ತಿದ್ದ ಚೆಂಡನ್ನು ಹಿಡಿಯಲು ಗೌರಮ್ಮ ಎಡಗಾಲು ಊರಿ ಮುಂದಕ್ಕೆ ಚಿಮ್ಮಿದಳು. ಟಪ್ಪೆಂದು ಸದ್ದಾಯಿತು. ಯಾರೋ ಹಿಮ್ಮಡಿಗೆ ಬಲವಾಗಿ ಒದ್ದಂತಾಗಿ ಕುಸಿದು ಕೂತಳು. ತಿರುಗಿ ನೋಡಿದರೆ ಹಿಂದೆ ಇದ್ದವಳು ಪದ್ಮಶ್ರೀ ಒಬ್ಬಳೇ.

“ಯಾಕೆ ಒದ್ದೆ?” ಎಂದಳು ಗೌರಮ್ಮ.

“ನಾ ಒದ್ದಿಲ್ರೀ ಅಕ್ಕಾ. ನಿಮ್ಮಿಂದ ದೂರ ನಿಂತಿದ್ದೆ.”

“ಇಂದೆ ಇನ್ಯಾರಿದ್ರು? ಒದೆ ಬಿದ್ದಿದ್ದು ನಂಗೆ ಗೊತ್ತಾಗಲ್ವಾ?”

ಎಲ್ಲರ ಕಣ್ಣೂ ಚೆಂಡಿನ ಮೇಲಿದ್ದುದರಿಂದ ಯಾರೂ ಸರಿಯಾಗಿ ನೋಡಿರಲಿಲ್ಲ. ಜಾಗ ಗೌರಮ್ಮನದು. ಪದ್ಮಶ್ರೀಯ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ಅವಳೇ ಗೌರಮ್ಮನ ತೋಳು ಹಿಡಿದೆತ್ತಿ ಕಾರಿಗೆ ಹತ್ತಿಸಿದಳು. ಮರುದಿನದಿಂದ ಆಡಲು ಬರುವುದನ್ನು ಬಿಟ್ಟಳು. ರಾಜಿ ಮಾಡಿಸಲು ತಂಡದ ರಮ್ಯ ಫೋನ್ ಮಾಡಿದಾಗ, ತಾನು ಮಾಡದ ತಪ್ಪಿಗೆ ಸಾರಿ ಕೇಳುವುದಿಲ್ಲವೆಂದು ಸಮಾಧಾನದಿಂದಲೇ ಹೇಳಿ ಫೋನ್ ಇಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರತಿಭಾ ಗೌರಮ್ಮನನ್ನು ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದರು. ಬಲಗಾಲಿನ ಪಾದ ಅಲುಗಿತು, ಎಡಗಾಲಿನದು ಅಲುಗಲಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕುವ ದಪ್ಪ ರಜ್ಜು ಪೂರ್ತಿ ಹರಿದಿದೆ, ಆಪರೇಷನ್ ಮಾಡಿ ಹೊಲಿಯುವುದು ಒಳ್ಳೆಯದು ಎಂದರು. ಆಮೇಲೆ, “ಯಾರೋ ಹಿಂದಿನಿಂದ ಒದ್ದ ಹಾಗಾಯ್ತಾ?” ಎಂದು ಕೇಳಿದರು.

ತನ್ನ ಮಾತಿಗೆ ಸಾಕ್ಷಿ ಸಿಕ್ಕಿತೆಂದು ಗೌರಮ್ಮ ಹಿಗ್ಗಿದಳು. ಆದರೆ ಈ ರಜ್ಜು ಹರಿದವರು ಹೆಚ್ಚಿನವರು ಹಾಗೇ ಹೇಳುತ್ತಾರೆ, ಒಬ್ಬರೇ ಓಡುತ್ತಿದ್ದವರೂ ತಿರುಗಿ ನೋಡುತ್ತಾರೆ ಎಂದರು ಡಾಕ್ಟರ್. ಗೌರಮ್ಮನಿಗೆ ಅದು ರುಚಿಸಲಿಲ್ಲ. ಒದ್ದವಳು ಯಾರೆಂದು ತನಗೆ ಗೊತ್ತು ಎಂದುಕೊಂಡಳು.

ಆಪರೇಷನ್ ವೇಳೆ ಕತ್ತರಿಸಿ ತೆಗೆದ ಸಣ್ಣ ಚೂರನ್ನು ಲ್ಯಾಬಿಗೆ ಕಳಿಸಿದ್ದರು. ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರ್ ತಮ್ಮ ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಒಂದು ಆರೋಗ್ಯವಾದ ರಜ್ಜುವಿನದು. ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಎಳೆಗಳೆಲ್ಲ ಒಂದೇ ದಿಕ್ಕಿಗೆ, ಒತ್ತೊತ್ತಾಗಿ ಮಲಗಿದ್ದವು. ಇನ್ನೊಂದು ಗೌರಮ್ಮನದು. ಅಲ್ಲಿ ಎಳೆಗಳು ಸಿಕ್ಕುಗಟ್ಟಿದ್ದವು, ನಡುವೆ ಬರೀ ಖಾಲಿ.

ಆ ಎಳೆಗಳೆಲ್ಲ ಕೊಲಾಜೆನ್ ಎಂಬ ಪ್ರೋಟೀನು, ಅದರಲ್ಲಿ ಹಲವು ಬಗೆಗಳಿವೆ ಎಂದು ಡಾಕ್ಟರ್ ವಿವರಿಸಿದರು. ಎಳೆತವನ್ನು ತಡೆಯುವ ಗಟ್ಟಿ ಬಗೆಯದು ಇವಳ ರಜ್ಜುವಿನಲ್ಲಿ ಕಡಿಮೆಯಾಗಿ, ಗಾಯ ಮುಚ್ಚಲು ದೇಹ ಅವಸರದಲ್ಲಿ ನೇಯುವ ತೆಳ್ಳನೆಯ ಬಗೆ ಹೆಚ್ಚಾಗಿತ್ತು. ಇದು ಒಂದು ದಿನದಲ್ಲಿ ಆಗುವುದಲ್ಲ. ವಯಸ್ಸು, ಗಟ್ಟಿ ನೆಲದ ಮೇಲಿನ ನೆಗೆತ, ಒಳಗೊಳಗೇ ಆದ ಸಣ್ಣ ಪೆಟ್ಟುಗಳು, ಎಲ್ಲ ಸೇರಿ ಎಷ್ಟೋ ಕಾಲದಿಂದ ನಡೆದಿತ್ತು. ನೋವಿಲ್ಲದಿದ್ದುದರಿಂದ ಅವಳಿಗೆ ತಿಳಿದಿರಲಿಲ್ಲ.

“ಯಾರೂ ಮುಟ್ಟದೇ ಇದ್ರೂ ಹರೀತಿತ್ತಾ?”

“ಹರೀತಿತ್ತಮ್ಮ. ನಿಮ್ಮ ಚರ್ಮದ ಮೇಲೆ ಒದೆ ಬಿದ್ದ ಗುರುತೂ ಇರ್ಲಿಲ್ಲ.”

ಗೌರಮ್ಮ ಆ ಚಿತ್ರವನ್ನು ಇನ್ನೊಮ್ಮೆ ತೋರಿಸಿ ಎಂದಳು. ಅಷ್ಟು ಅನ್ನಿಸಿಕೊಂಡ ಮೇಲೂ ತನ್ನನ್ನು ತೋಳು ಹಿಡಿದೆತ್ತಿದವಳು ಪದ್ಮಶ್ರೀಯೇ ಎಂಬುದು ನೆನಪಾಯಿತು. ಫೋನಿನಲ್ಲೇ ಸಾರಿ ಹೇಳಿ ಮುಗಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ತಂಡದವರನ್ನೆಲ್ಲ ಥ್ರೋಬಾಲ್ ಕೋರ್ಟಿಗೆ ಕರೆಸಿದಳು. ಪದ್ಮಶ್ರೀಯ ಮನೆಗೆ ತಾನೇ ಹೋಗಿ, ಆಸ್ಪತ್ರೆಯಲ್ಲಿ ಪಟ್ಟಿಯ ಬದಲು ಗಟ್ಟಿ ಬೂಟು ತೊಡಿಸಿದ ಕಾಲಿನಲ್ಲಿ ಗೇಟಿನ ಬಳಿ ನಿಂತು, ಬಾ ಎಂದು ಕರೆತಂದಳು.

“ಎಲ್ರ ಮುಂದೆ ಅಂದಿದ್ದೆ, ಎಲ್ರ ಮುಂದೇನೇ ಏಳ್ತೀನಿ. ಇವ್ಳು ಒದ್ದಿಲ್ಲ. ನನ್ ಕಾಲೇ ಒಳಗೆ ಅಳಸೋಗಿತ್ತು. ತಪ್ಪು ನಂದು ಕಣಮ್ಮ.”

ಪದ್ಮಶ್ರೀ ಸುತ್ತ ನಿಂತವರನ್ನು ನೋಡಿ, “ಅಕ್ಕಗ ನೋವಿತ್ತು, ಅಂದ್ರು. ಬಾಯಿ ಬಿಡಾಕ ನಿಮಗೇನಾಗಿತ್ರೀ?” ಎಂದಳು. ರಮ್ಯ ತಲೆ ತಗ್ಗಿಸಿದಳು. ಮುಂದಿನ ಪಂದ್ಯಕ್ಕೆ ಪದ್ಮಶ್ರೀಯೇ ಕ್ಯಾಪ್ಟನ್ ಆಗಲಿ ಎಂದು ಗೌರಮ್ಮ ಹೇಳಿದಾಗ ಯಾರೂ ಎದುರಾಡಲಿಲ್ಲ, ಪದ್ಮಶ್ರೀಯೂ ಬೇಡವೆನ್ನಲಿಲ್ಲ.

ಹೊಸ ಎಳೆಗಳೂ ಮೊದಲು ಅಡ್ಡಾದಿಡ್ಡಿಯಾಗಿಯೇ ಹುಟ್ಟುತ್ತವೆ, ಹದವಾಗಿ ಭಾರ ಬಿದ್ದಂತೆ ಸಾಲಾಗುತ್ತವೆ ಎಂದಿದ್ದರು ಡಾಕ್ಟರ್. ಗೌರಮ್ಮ ಅವಸರಪಡಲಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ಹಿಮ್ಮಡಿ ಎತ್ತಿ ಇಳಿಸಿದಳು. ಮೊದಲು ಎರಡೂ ಕಾಲಲ್ಲಿ, ತಿಂಗಳುಗಳ ಮೇಲೆ ಎಡಗಾಲೊಂದರಲ್ಲೇ. ಮುಂದಿನ ವರ್ಷ ಯಲಹಂಕದ ಪಂದ್ಯದಲ್ಲಿ ಪದ್ಮಶ್ರೀ ಅವಳನ್ನು ಹಿಂದಿನ ಸಾಲಿಗೆ ಹಾಕಿದಳು, ಒಂದು ಸೆಟ್ ಮಾತ್ರ ಆಡಬೇಕೆಂದಳು. ಗೌರಮ್ಮ ಅಷ್ಟೇ ಆಡಿದಳು, ಚೆನ್ನಾಗಿಯೇ ಆಡಿದಳು.